ಅನುಭವಿ ಪ್ರಾಸಿಕ್ಯೂಟರ್ ಒಬ್ಬರನ್ನು ಫೆಡರಲ್ ನ್ಯಾಯಾಧೀಶರ ಹುದ್ದೆಗೆ ಶಿಫಾರಸು ಮಾಡುವ ಮುನ್ನ ಏನನ್ನು ನೋಡಬೇಕು?

ತುಂಗಾತೀರ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕಕ್ಕೆ ಬಂದು ಇಪ್ಪತ್ತೆರಡು ವರ್ಷಗಳಾದವು, ಇಲ್ಲಿನ ಪೌರತ್ವ ಪಡೆದು ಒಂಬತ್ತು ವರ್ಷಗಳಾದವು. ನಾನಿರುವ ಜಿಲ್ಲೆಯ ಫೆಡರಲ್ (ಕೇಂದ್ರ ಸರ್ಕಾರದ) ನ್ಯಾಯಾಲಯದಲ್ಲಿ ಒಂದು ನ್ಯಾಯಾಧೀಶ ಸ್ಥಾನ ತೆರವಾಗಿದೆ. ನಮ್ಮ ರಾಜ್ಯದ ಸೆನೆಟರ್‌ಗಳು ನೇಮಿಸಿರುವ ವಕೀಲರ ಸಮಿತಿಯೊಂದು ಅರ್ಜಿಗಳನ್ನು ಪರಿಶೀಲಿಸುತ್ತಿದ್ದು, ಅರ್ಜಿ ಹಾಕಿದವರಲ್ಲಿ ಒಬ್ಬರು ಹದಿನೆಂಟು ವರ್ಷ ಫೆಡರಲ್ ಪ್ರಾಸಿಕ್ಯೂಟರ್ (ಆರೋಪಿಗಳ ವಿರುದ್ಧ ಸರ್ಕಾರದ ಪರ ಮೊಕದ್ದಮೆ ನಡೆಸುವ ವಕೀಲರು) ಆಗಿ ದುಡಿದಿರುವ ಭಾರತೀಯ ಮೂಲದ ಮಹಿಳೆ. ಊರಿನ ಭಾರತೀಯ ಸಂಘಗಳೆಲ್ಲ ಸೇರಿ ಅವರ ಪರವಾಗಿ ಶಿಫಾರಸು ಪತ್ರ ಸಿದ್ಧಪಡಿಸಿವೆ, ಸಹಿ ಹಾಕಿ ಎಂದು ನನಗೂ ಕಳಿಸಿದ್ದಾರೆ. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ದಯವಿಟ್ಟು ಯಾರೂ ಊಹಿಸಲು ಹೋಗಬೇಡಿ.

ನನ್ನನ್ನು ಕೇಳಿದ್ದಕ್ಕೆ ಒಂದು ಕಾರಣವಿದೆ. ಆರು ವರ್ಷಗಳ ಹಿಂದೆ ಅವರು ನಡೆಸಿದ ಒಂದು ಪ್ರಕರಣದಲ್ಲಿ, ದೋಷಿಯೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡವಾದ ಜ್ಯೂರಿಯಲ್ಲಿ ನಾನಿದ್ದೆ. ವೈದ್ಯಕೀಯ ಬಿಲ್‌ಗಳ ವಂಚನೆಯ ಪ್ರಕರಣ, ಹನ್ನೊಂದು ದಿನ ನಡೆಯಿತು. ನಾಲ್ಕನೆಯ ದಿನ ಸರ್ಕಾರದ ಪರ ಸಾಕ್ಷಿಯೊಬ್ಬರು, ಆ ಕ್ಲಿನಿಕ್‌ನಲ್ಲಿ ಬಿಲ್ ಬರೆಯುತ್ತಿದ್ದವರು, ಒಂದು ಕಂತೆ ಬಿಲ್‌ಗಳು ಮಾರ್ಚ್ ತಿಂಗಳಲ್ಲಿ ಹೋದವು ಎಂದು ಹೇಳಿದರು. ಆರೋಪಿಯಾಗಿದ್ದ ಕ್ಲಿನಿಕ್ ಮಾಲೀಕರಿಗೆ ಎಚ್ಚರಿಕೆಯ ಪತ್ರ ಬಂದದ್ದು ಫೆಬ್ರವರಿಯಲ್ಲಿ. ಹಾಗಾಗಿ ಆ ಉತ್ತರ ಸರ್ಕಾರದ ವಾದಕ್ಕೆ ಹೇಳಿ ಮಾಡಿಸಿದಂತಿತ್ತು. ಪ್ರಾಸಿಕ್ಯೂಟರ್ ಮುಂದಿನ ಪ್ರಶ್ನೆ ಕೇಳಲಿಲ್ಲ. ತಮ್ಮ ಮೇಜಿಗೆ ಹಿಂತಿರುಗಿ ಒಂದು ಕಡತ ತೆಗೆದು, ಅದರೊಳಗಿನ ಹಾಳೆಯನ್ನು ಸಾಕ್ಷಿಯ ಕೈಗೆ ಕೊಟ್ಟು, ಮೇಲಿರುವ ದಿನಾಂಕವನ್ನು ಜ್ಯೂರಿಗೆ ಕೇಳುವಂತೆ ಓದಿ ಎಂದರು. ಅದು ಜನವರಿಯ ದಿನಾಂಕ. ಆಕ್ಷೇಪಣೆಗೆಂದು ಅರ್ಧ ಎದ್ದಿದ್ದ ಆರೋಪಿ ಪರ ವಕೀಲರು ಹಾಗೆಯೇ ಕುಳಿತುಬಿಟ್ಟರು. ಕೊನೆಗೆ ಆ ಕಂತೆಗೆ ಸಂಬಂಧಿಸಿದ ಆರೋಪದಲ್ಲಿ ನಾವು ಹನ್ನೆರಡು ಮಂದಿಯೂ ಆತ ನಿರ್ದೋಷಿ ಎಂದೆವು, ಉಳಿದವುಗಳಲ್ಲಿ ದೋಷಿ ಎಂದೆವು.

ಈಗ ನನ್ನ ಮುಂದಿರುವ ಶಿಫಾರಸು ಪತ್ರದಲ್ಲಿ ಈ ಬಗೆಯ ಒಂದು ಮಾತೂ ಇಲ್ಲ. ಎಷ್ಟು ಜನರಿಗೆ ಶಿಕ್ಷೆ ಕೊಡಿಸಿದರು, ಎಷ್ಟು ವರ್ಷ ಸೇವೆ ಸಲ್ಲಿಸಿದರು, ನಮ್ಮ ಸಮುದಾಯಕ್ಕೆ ಎಂಥ ಹೆಮ್ಮೆ ಎಂಬುದಷ್ಟೇ ಇದೆ. ಒಮ್ಮೆ ಆ ಪೀಠ ಏರಿದವರು ಬದುಕಿರುವವರೆಗೆ ಅಲ್ಲಿರಬಹುದು. ಅಷ್ಟು ದೊಡ್ಡ ಹೊಣೆಗೆ ಒಬ್ಬರ ಹೆಸರು ಸೂಚಿಸುವಾಗ ನಾವು ನಿಜವಾಗಿ ಏನನ್ನು ನೋಡಬೇಕು? ಶಿಕ್ಷೆ ಕೊಡಿಸುವುದರಲ್ಲಿ ಪಳಗಿದ ಅನುಭವವು ಶಿಕ್ಷೆ ವಿಧಿಸುವ ಹುದ್ದೆಗೆ ಅರ್ಹತೆಯೇ ಅಥವಾ ಅಡ್ಡಿಯೇ? ತಿಳಿದವರು ಬರೆಯಬೇಕೆಂದು ಕೋರುತ್ತೇನೆ.

ಬಯಲುಸೀಮೆ ಬರೆದಿದ್ದಾರೆ:

ತುಂಗಾತೀರ ಅವರೇ, ಮೊದಲು ಈ ದಾರಿ ಹೇಗೆ ಸಾಗುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಪತ್ರ ಯಾರ ಮೇಜಿಗೆ ಹೋಗುತ್ತದೆ ಎಂಬುದು ತಿಳಿದಿದ್ದರೆ ಅದರಲ್ಲಿ ಏನಿರಬೇಕು ಎಂಬುದೂ ಹೊಳೆಯುತ್ತದೆ. ಸಂವಿಧಾನದಲ್ಲಿ ಇರುವುದು ಇಷ್ಟೇ: ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಸೆನೆಟ್ ಸಲಹೆ ಮತ್ತು ಒಪ್ಪಿಗೆ ಕೊಡುತ್ತದೆ. ಆದರೆ ದೇಶದಲ್ಲಿ 94 ಫೆಡರಲ್ ಜಿಲ್ಲಾ ನ್ಯಾಯಾಲಯಗಳಿದ್ದು, ಅಲ್ಲಿಯ ಒಬ್ಬೊಬ್ಬ ವಕೀಲರ ಗುಣಾವಗುಣ ಶ್ವೇತಭವನಕ್ಕೆ ತಿಳಿಯುವುದು ಸಾಧ್ಯವಿಲ್ಲದ ಮಾತು. ಆದ್ದರಿಂದಲೇ ಆಯಾ ರಾಜ್ಯದ ಸೆನೆಟರ್‌ಗಳ ಶಿಫಾರಸಿಗೆ ತೂಕ ಬಂದಿದೆ, ಅನೇಕ ಸೆನೆಟರ್‌ಗಳು ವಕೀಲರ ಸಮಿತಿಗಳ ಮೂಲಕ ಹೆಸರುಗಳನ್ನು ಸೋಸುತ್ತಾರೆ. ನಾಮನಿರ್ದೇಶನ ಆದ ಮೇಲೆ ಸೆನೆಟ್ ನ್ಯಾಯಾಂಗ ಸಮಿತಿಯು ಆ ರಾಜ್ಯದ ಇಬ್ಬರೂ ಸೆನೆಟರ್‌ಗಳಿಗೆ, ಈ ಹೆಸರಿಗೆ ಒಪ್ಪಿಗೆ ಇದೆಯೇ ಎಂದು ಕೇಳುವ ನೀಲಿ ಬಣ್ಣದ ಚೀಟಿ ಕಳಿಸುತ್ತದೆ. ನೂರು ವರ್ಷಗಳಿಗೂ ಹಳೆಯದಾದ ಈ ಪದ್ಧತಿ ಕಾನೂನಲ್ಲ, ರೂಢಿ. ಮೇಲ್ಮನವಿ ನ್ಯಾಯಾಲಯಗಳ ನೇಮಕದಲ್ಲಿ ಕೆಲವು ವರ್ಷಗಳಿಂದ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲವಾದರೂ ಜಿಲ್ಲಾ ನ್ಯಾಯಾಧೀಶರ ನೇಮಕದಲ್ಲಿ ಇನ್ನೂ ಉಳಿದುಕೊಂಡಿದೆ.

ಪ್ರಾಸಿಕ್ಯೂಟರ್ ಆಗಿದ್ದವರು ಈ ದಾರಿಯಲ್ಲಿ ಬಂದದ್ದು ಹೊಸದಲ್ಲ. ನಮ್ಮವರನ್ನೇ ನೋಡಿ. ಕೆಂಟಕಿಯ ಪೂರ್ವ ಜಿಲ್ಲೆಯ ಯುಎಸ್ ಅಟಾರ್ನಿಯಾಗಿದ್ದ (ಅಂದರೆ ಆ ಜಿಲ್ಲೆಯ ಫೆಡರಲ್ ಪ್ರಾಸಿಕ್ಯೂಟರ್‌ಗಳ ಮುಖ್ಯಸ್ಥರಾಗಿದ್ದ) ಅಮೂಲ್ ಥಾಪರ್ 2008ರಲ್ಲಿ ಅದೇ ಜಿಲ್ಲೆಯ ನ್ಯಾಯಾಧೀಶರಾದರು. ಜೀವಾವಧಿ ಫೆಡರಲ್ ಪೀಠಕ್ಕೆ ಬಂದ ದಕ್ಷಿಣ ಏಷ್ಯಾ ಮೂಲದ ಮೊದಲಿಗರು ಅವರೇ. ಷಿಕಾಗೋದಲ್ಲಿ 2001ರಿಂದ ಫೆಡರಲ್ ಪ್ರಾಸಿಕ್ಯೂಟರ್ ಆಗಿದ್ದ ಮನೀಶ್ ಶಾ 2014ರಲ್ಲಿ ಅಲ್ಲಿಯೇ ನ್ಯಾಯಾಧೀಶರಾದರು.

ನಾನು ಎಲ್ಲಕ್ಕಿಂತ ಹೆಚ್ಚು ನೆನೆಯುವುದು ಡಯೇನ್ ಗುಜರಾತಿ ಅವರ ಪ್ರಕರಣವನ್ನು. ಅವರ ತಂದೆ ದಾಮೋದರ ಗುಜರಾತಿ. ಅರ್ಥಶಾಸ್ತ್ರದಲ್ಲಿ ಎಂಎ ಮಾಡಿದವರಿಗೆ ಅರ್ಥಮಿತಿಯ ಪಠ್ಯಪುಸ್ತಕದ ಹೊದಿಕೆಯ ಮೇಲಿನ ಆ ಹೆಸರು ಚೆನ್ನಾಗಿ ಗೊತ್ತಿರುತ್ತದೆ. ಮಗಳು 1999ರಿಂದ ಎರಡು ದಶಕ ನ್ಯೂಯಾರ್ಕಿನ ದಕ್ಷಿಣ ಜಿಲ್ಲೆಯಲ್ಲಿ ಪ್ರಾಸಿಕ್ಯೂಟರ್ ಆಗಿದ್ದರು. 2016ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಒಬಾಮ ಈಕೆಯನ್ನು ಬ್ರೂಕ್ಲಿನ್ ಕೇಂದ್ರವಾಗಿರುವ ಪೂರ್ವ ಜಿಲ್ಲೆಗೆ ಹೆಸರಿಸಿದರು. ಸೆನೆಟ್ ಮುಟ್ಟಲಿಲ್ಲ, ಅವಧಿ ಮುಗಿದು ಹೆಸರು ಬಿದ್ದುಹೋಯಿತು. 2018ರಲ್ಲಿ ಟ್ರಂಪ್ ಅದೇ ವ್ಯಕ್ತಿಯನ್ನು ಅದೇ ಸ್ಥಾನಕ್ಕೆ ಮತ್ತೆ ಹೆಸರಿಸಿದರು. 2020ರ ಸೆಪ್ಟೆಂಬರ್‌ನಲ್ಲಿ ಸೆನೆಟ್ 99–0 ಮತಗಳಿಂದ ಒಪ್ಪಿತು. ಬೇರೆ ಯಾವ ವಿಷಯದಲ್ಲೂ ಕಣ್ಣೆತ್ತಿ ನೋಡದ ಎರಡು ಪಕ್ಷಗಳು ಒಬ್ಬ ಪ್ರಾಸಿಕ್ಯೂಟರ್ ವಿಷಯದಲ್ಲಿ ಹೀಗೆ ಒಮ್ಮತಕ್ಕೆ ಬಂದವೆಂದರೆ, ಆ ನಾಲ್ಕು ವರ್ಷಗಳಲ್ಲಿ ವಿಚಾರಿಸಿದವರಿಗೆಲ್ಲ ಅವರೊಂದಿಗೆ ಕೆಲಸ ಮಾಡಿದವರಿಂದಲೂ ಎದುರು ನಿಂತವರಿಂದಲೂ ಒಳ್ಳೆಯ ಮಾತೇ ಸಿಕ್ಕಿರಬೇಕು ಎಂದು ನಾನು ನಂಬುತ್ತೇನೆ. ಆದ್ದರಿಂದ ಅನುಭವಿ ಪ್ರಾಸಿಕ್ಯೂಟರ್ ಎಂಬುದು ಅರ್ಹತೆಯೇ ಎಂಬುದು ನನ್ನ ಅಭಿಪ್ರಾಯ. ಪತ್ರಕ್ಕೆ ಸಹಿ ಹಾಕಿ.

ಸೌಪರ್ಣಿಕಾ ಬರೆದಿದ್ದಾರೆ:

ನಾನು ಹದಿನಾಲ್ಕು ವರ್ಷಗಳಿಂದ ಆರೋಪಿಗಳ ಪರ ವಕೀಲಿಕೆ ಮಾಡುತ್ತಿದ್ದೇನೆ, ಅದರಲ್ಲಿ ಮೊದಲ ಆರು ವರ್ಷ ವಕೀಲರನ್ನು ಇಟ್ಟುಕೊಳ್ಳಲು ಹಣವಿಲ್ಲದವರ ಪರವಾಗಿ ಸರ್ಕಾರದ ವೆಚ್ಚದಲ್ಲಿ ವಾದಿಸುವ ಫೆಡರಲ್ ಕಚೇರಿಯಲ್ಲಿದ್ದೆ. ನನ್ನ ಜಾಗ ಯಾವುದೆಂದು ಮೊದಲೇ ಹೇಳಿ ಮುಂದುವರಿಯುವುದು ಒಳ್ಳೆಯದು.

ತುಂಗಾತೀರ ಸರ್, ನೀವು ಕಂಡದ್ದನ್ನು ಬರೆದ ರೀತಿ ನನ್ನ ಮನಸ್ಸು ತಟ್ಟಿತು. ಆದರೆ ಅದಕ್ಕೆ ಎಷ್ಟು ಅಂಕ ಕೊಡಬೇಕು ಎಂಬುದರಲ್ಲಿ ಎಚ್ಚರ ಬೇಕು. ತನ್ನ ಸಾಕ್ಷಿ ಸುಳ್ಳು ಹೇಳಿದ್ದು ಗೊತ್ತಾದಾಗ ಅದನ್ನು ಸರಿಪಡಿಸುವುದು ಪ್ರಾಸಿಕ್ಯೂಟರ್‌ನ ಔದಾರ್ಯವಲ್ಲ, ಕರ್ತವ್ಯ. ಸುಪ್ರೀಂ ಕೋರ್ಟ್ ಇದನ್ನು 1959ರ ನಾಪ್ಯೂ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆರೋಪಿಗೆ ಅನುಕೂಲವಾಗುವ ಮಹತ್ವದ ಸಾಕ್ಷ್ಯವನ್ನು ಬಚ್ಚಿಡಬಾರದು ಎಂದು 1963ರ ಬ್ರೇಡಿ ತೀರ್ಪು ಹೇಳಿತು. ಕರ್ತವ್ಯ ಮಾಡಿದವರನ್ನು ಹೊಗಳಬೇಕಾಗಿ ಬಂದಿದೆ ಎಂದರೆ ಅದನ್ನು ಮಾಡದವರು ಎಷ್ಟು ಮಂದಿ ಇರಬೇಕು ಎಂದು ಯೋಚಿಸಿ. ಅಲಾಸ್ಕದ ಸೆನೆಟರ್ ಟೆಡ್ ಸ್ಟೀವನ್ಸ್ ಅವರನ್ನು 2008ರ ಅಕ್ಟೋಬರ್‌ನಲ್ಲಿ ಜ್ಯೂರಿ ದೋಷಿ ಎಂದಿತು, ಮರುತಿಂಗಳು ಅವರು ಚುನಾವಣೆ ಸೋತರು. ಪ್ರಾಸಿಕ್ಯೂಟರ್‌ಗಳು ಸಾಕ್ಷ್ಯ ಮುಚ್ಚಿಟ್ಟಿದ್ದು ಬಯಲಾಗಿ, 2009ರ ಏಪ್ರಿಲ್‌ನಲ್ಲಿ ನ್ಯಾಯಾಧೀಶ ಎಮೆಟ್ ಸಲಿವನ್ ಆ ತೀರ್ಮಾನವನ್ನೇ ತೆಗೆದುಹಾಕಿ, ಪ್ರಾಸಿಕ್ಯೂಟರ್‌ಗಳ ಮೇಲೆಯೇ ತನಿಖೆ ನಡೆಸಲು ಹೊರಗಿನ ವಕೀಲರನ್ನು ನೇಮಿಸಿದರು. ದೇಶದ ಹಿರಿಯ ಸೆನೆಟರ್‌ಗೆ, ಅತ್ಯುತ್ತಮ ವಕೀಲರನ್ನು ಇಟ್ಟುಕೊಂಡವರಿಗೆ, ಹೀಗಾಯಿತು. ನನ್ನ ಕಕ್ಷಿದಾರರು ಬೇಕರಿಯಲ್ಲಿ ರಾತ್ರಿಪಾಳಿ ಮಾಡುವವರು.

ಇನ್ನೂ ಒಂದು ಸಂಗತಿ ಇದೆ. ಫೆಡರಲ್ ಪ್ರಕರಣಗಳಲ್ಲಿ ಜ್ಯೂರಿಯ ಮುಂದೆ ವಿಚಾರಣೆಗೆ ಬರುವವು ತೀರಾ ಕಡಿಮೆ. 2018ರ ಅಂಕಿಗಳಂತೆ ನೂರರಲ್ಲಿ ಸುಮಾರು 90 ಆರೋಪಿಗಳು ತಪ್ಪೊಪ್ಪಿಕೊಂಡರು, ವಿಚಾರಣೆಯವರೆಗೆ ಹೋದವರು ಸುಮಾರು ಇಬ್ಬರು. ಅಂದರೆ ನೀವು ಜ್ಯೂರಿ ಕಟ್ಟೆಯಿಂದ ಕಂಡದ್ದು ಆ ಪ್ರಾಸಿಕ್ಯೂಟರ್‌ರ ಕೆಲಸದ ಒಂದು ಚಿಕ್ಕ ಕಿಟಕಿ. ಉಳಿದ ಕೆಲಸವೆಲ್ಲ ಮುಚ್ಚಿದ ಬಾಗಿಲ ಹಿಂದೆ, ನಮ್ಮಂಥವರೊಂದಿಗೆ ಫೋನಿನಲ್ಲಿ ನಡೆಯುತ್ತದೆ: ಯಾವ ಆರೋಪ ಹೊರಿಸುವುದು, ಯಾವುದನ್ನು ಬಿಡುವುದು, ಕಡ್ಡಾಯ ಕನಿಷ್ಠ ಶಿಕ್ಷೆ ಇರುವ ಕಲಮನ್ನು ಬೆದರಿಕೆಯಾಗಿ ಬಳಸುವುದೋ ಬೇಡವೋ. ಅಲ್ಲಿ ಆಕೆ ಹೇಗಿದ್ದರು ಎಂದು ಹೇಳಬಲ್ಲವರು ಎದುರು ಕುಳಿತ ವಕೀಲರು ಮಾತ್ರ.

ಬಯಲುಸೀಮೆ ಅವರು ಗುಜರಾತಿ ಅವರ ಹೆಸರು ಎತ್ತಿದ್ದರಿಂದ ಅದೇ ಸ್ಥಾನದಲ್ಲಿ ಅವರಿಗೂ ಮೊದಲು ಕುಳಿತಿದ್ದವರ ಕಥೆಯನ್ನು ಹೇಳಲೇಬೇಕು. ಅವರು ಜಾನ್ ಗ್ಲೀಸನ್. ಅವರೂ ಪ್ರಾಸಿಕ್ಯೂಟರ್, ಅದೂ ಸಾಮಾನ್ಯರಲ್ಲ. 1992ರಲ್ಲಿ ಮಾಫಿಯಾ ದೊರೆ ಜಾನ್ ಗಾಟಿಗೆ ಶಿಕ್ಷೆ ಕೊಡಿಸಿದ ತಂಡದ ಮುಂದಾಳು. 1994ರಲ್ಲಿ ಅಧ್ಯಕ್ಷ ಕ್ಲಿಂಟನ್ ಈ ಗ್ಲೀಸನ್‌ರನ್ನು ನ್ಯಾಯಾಧೀಶರನ್ನಾಗಿ ಮಾಡಿದರು. ಎರಡು ವರ್ಷದ ನಂತರ ಅವರ ಮುಂದೆ ಫ್ರಾನ್ಸ್ವಾ ಹಾಲೊವೇ ಎಂಬ ಆರೋಪಿ ಬಂದ. ಮೂರು ಕಾರುಗಳ ದರೋಡೆ, ಜೊತೆಗಾರನ ಕೈಯಲ್ಲಿ ಬಂದೂಕು. ಸರ್ಕಾರ ಸುಮಾರು ಹನ್ನೊಂದು ವರ್ಷದ ಒಪ್ಪಂದ ಮುಂದಿಟ್ಟಿತ್ತು, ಆತ ಒಪ್ಪದೆ ವಿಚಾರಣೆಗೆ ಹೋದ. ಪ್ರತಿಯೊಂದು ದರೋಡೆಗೂ ಬಂದೂಕಿನ ಶಿಕ್ಷೆಯನ್ನು ಒಂದರ ಮೇಲೊಂದು ಪೇರಿಸಬೇಕೆಂದು ಕಾನೂನು ಕಟ್ಟುನಿಟ್ಟಾಗಿ ಹೇಳಿದ್ದರಿಂದ ಗ್ಲೀಸನ್ ಆತನಿಗೆ 57 ವರ್ಷಕ್ಕೂ ಹೆಚ್ಚಿನ ಸೆರೆವಾಸ ವಿಧಿಸಬೇಕಾಯಿತು. ಎಲ್ಲ ಮೇಲ್ಮನವಿಗಳೂ ಮುಗಿದವು. ಕಾನೂನಿನ ಪ್ರಕಾರ ಅಲ್ಲಿಗೆ ಕಡತ ಮುಚ್ಚಿತು.

ಗ್ಲೀಸನ್ ಅವರ ಮನಸ್ಸಿನಲ್ಲಿ ಮುಚ್ಚಲಿಲ್ಲ. ಸುಮಾರು ಎರಡು ದಶಕಗಳ ನಂತರ ಅವರು ಅದೇ ಜಿಲ್ಲೆಯ ಯುಎಸ್ ಅಟಾರ್ನಿಯಾಗಿದ್ದ ಲೊರೆಟಾ ಲಿಂಚ್ ಅವರನ್ನು, ಎರಡು ಬಂದೂಕು ಆರೋಪಗಳ ಶಿಕ್ಷೆಯನ್ನು ಬಿಟ್ಟುಕೊಡಲು ಸಾಧ್ಯವೇ ಎಂದು ಕೇಳಿದರು. ಆಜ್ಞೆ ಮಾಡುವ ಅಧಿಕಾರ ಇರಲಿಲ್ಲ, ಆದ್ದರಿಂದ ಕೇಳಿಕೊಂಡರು. 2014ರಲ್ಲಿ ಲಿಂಚ್ ಒಪ್ಪಿದರು, ಹಾಲೊವೇ ಬಿಡುಗಡೆಯ ದಾರಿ ತೆರೆಯಿತು. ಹೀಗೆ ಶಿಕ್ಷೆಯನ್ನು ಪೇರಿಸುವ ಆ ನಿಯಮವನ್ನು ಕಾಂಗ್ರೆಸ್ 2018ರ ಡಿಸೆಂಬರ್‌ನಲ್ಲಿ, ಮೊದಲ ಬಾರಿ ಸಿಕ್ಕಿಬಿದ್ದವರ ಮಟ್ಟಿಗೆ, ಸಡಿಲಿಸಿತು. ನಾನು ಪ್ರಾಸಿಕ್ಯೂಟರ್‌ಗಳ ವಿರುದ್ಧವಿಲ್ಲ. ಗ್ಲೀಸನ್ ಆ ಮನವಿ ಮಾಡಲು ಸಾಧ್ಯವಾದದ್ದು ಪ್ರಾಸಿಕ್ಯೂಟರ್ ಕಚೇರಿಗೆ ಎಷ್ಟು ಅಧಿಕಾರವಿದೆ ಎಂಬುದು ಒಳಗಿನಿಂದ ಗೊತ್ತಿದ್ದರಿಂದಲೇ ಎಂಬುದು ನನ್ನ ಗಟ್ಟಿಯಾದ ಅನಿಸಿಕೆ. ಆದರೆ ಅವರು ಗಾಟಿಯನ್ನು ಜೈಲಿಗೆ ಕಳಿಸಿದ್ದನ್ನಷ್ಟೇ ನೋಡಿ ಶಿಫಾರಸು ಮಾಡಿದವರಿಗೆ ಈ ಮನುಷ್ಯ ಹೀಗಿರುತ್ತಾರೆ ಎಂದು ಗೊತ್ತಾಗುವ ಬಗೆ ಹೇಗೆ? ಪತ್ರದಲ್ಲಿ ಶಿಕ್ಷೆಯ ಸಂಖ್ಯೆ ಇದ್ದರೆ ಸಾಲದು ಎಂದು ನಾನು ಹೇಳುವುದು ಇದಕ್ಕೇ.

ಮಲಪ್ರಭಾ ಬರೆದಿದ್ದಾರೆ:

ಇಲ್ಲಿ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನನ್ನ ಅಕ್ಕನ ಗಂಡ ಒಂದು ಸಣ್ಣ ಔಷಧಿ ಅಂಗಡಿ ನಡೆಸುತ್ತಿದ್ದರು. ಒಂದು ದಿನ ಬೆಳಗಿನ ಜಾವ ಬಾಗಿಲು ತಟ್ಟಿ ಕರೆದೊಯ್ದರು. ಹದಿನಾಲ್ಕು ತಿಂಗಳು ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟಿಕೊಂಡೇ ಇದ್ದರು. ಅಕ್ಕ ಅದರ ಮೇಲೆ ಉದ್ದನೆಯ ಕಾಲುಚೀಲ ಎಳೆದು ಮಕ್ಕಳಿಗೆ ಕಾಣದಂತೆ ಮಾಡುತ್ತಿದ್ದಳು. ಮನೆಯ ಮೇಲೆ ಎರಡನೆಯ ಸಾಲ ಮಾಡಿ ವಕೀಲರಿಗೆ ಕೊಟ್ಟರು. ಕೊನೆಗೆ ಸರ್ಕಾರದವರೇ ಪ್ರಕರಣ ಹಿಂತೆಗೆದುಕೊಳ್ಳುತ್ತೇವೆ ಎಂದು ಅರ್ಜಿ ಹಾಕಿದರು. ಆ ಅರ್ಜಿ ಒಂದೇ ವಾಕ್ಯದ್ದು. ಏಕೆ ತಂದರು, ಏಕೆ ಬಿಟ್ಟರು ಎಂಬುದಕ್ಕೆ ಅದರಲ್ಲಿ ಒಂದು ಪದವೂ ಇರಲಿಲ್ಲ.

ಆ ಪ್ರಾಸಿಕ್ಯೂಟರ್ ಯಾರು, ಯಾವ ಕಚೇರಿ ಎಂದು ನಾನು ಹೇಳುವುದಿಲ್ಲ. ಬಯಲುಸೀಮೆ ಅವರಿಗೆ ನನ್ನದೊಂದು ಪ್ರಶ್ನೆ ಇದೆ. ಆ ಪ್ರಾಸಿಕ್ಯೂಟರ್ ಎಂದಾದರೂ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕಿದರೆ, ಅವರ ದಾಖಲೆಯಲ್ಲಿ ನನ್ನ ಭಾವನ ಪ್ರಕರಣ ಸೋಲು ಎಂದೂ ಇರುವುದಿಲ್ಲ, ಗೆಲುವು ಎಂದೂ ಇರುವುದಿಲ್ಲ. ಅದು ಎಲ್ಲಿಯೂ ಇರುವುದಿಲ್ಲ. ನಮ್ಮಂಥವರನ್ನು ಕೇಳುವವರು ಯಾರು?

ಬಯಲುಸೀಮೆ ಬರೆದಿದ್ದಾರೆ:

ಮಲಪ್ರಭಾ ಅವರೇ, ನಿಮ್ಮ ಮನೆಯವರು ಪಟ್ಟ ಪಾಡು ಓದಿ ಬಹಳ ನೋವಾಯಿತು. ಸಹಿ ಹಾಕಿಬಿಡಿ ಎಂದು ನಾನು ಬೀಸಾಗಿ ಬರೆದದ್ದು ಸರಿಯಾಗಲಿಲ್ಲ ಎಂದೂ ಅನಿಸಿತು.

ನಿಮ್ಮ ಪ್ರಶ್ನೆಗೆ ಪೂರ್ಣ ಉತ್ತರ ನನ್ನಲ್ಲಿಲ್ಲ. ಅರ್ಧ ಉತ್ತರ ಇದೆ. ನಾಮನಿರ್ದೇಶನಗೊಂಡವರು ಸೆನೆಟ್ ನ್ಯಾಯಾಂಗ ಸಮಿತಿಗೆ ಉದ್ದನೆಯ ಪ್ರಶ್ನಾವಳಿಯೊಂದನ್ನು ತುಂಬಿ ಕೊಡಬೇಕು. ತಾವು ನಡೆಸಿದ ಹತ್ತು ಅತಿ ಮಹತ್ವದ ಪ್ರಕರಣಗಳನ್ನು ವಿವರಿಸಿ, ಪ್ರತಿಯೊಂದರಲ್ಲೂ ಎದುರು ಪಕ್ಷದ ವಕೀಲರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಬರೆಯಬೇಕು. ಎದುರಾಳಿಯ ಬಾಯಿಂದ ಕೇಳುವ ಏರ್ಪಾಡು ಅದು. ಆದರೆ ಆ ಹತ್ತನ್ನು ಆರಿಸುವವರು ಅಭ್ಯರ್ಥಿಯೇ ಎಂಬ ಕೊರತೆ ಇದ್ದೇ ಇದೆ. ವಕೀಲರ ರಾಷ್ಟ್ರೀಯ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್‌ನ ಸಮಿತಿ 1953ರಿಂದ ಅಭ್ಯರ್ಥಿಗಳ ಪ್ರಾಮಾಣಿಕತೆ, ವೃತ್ತಿ ಸಾಮರ್ಥ್ಯ, ನ್ಯಾಯಾಧೀಶರಿಗೆ ತಕ್ಕ ಮನೋಧರ್ಮ ಈ ಮೂರನ್ನು ಗುಟ್ಟಾಗಿ ವಿಚಾರಿಸಿ ಅಳೆಯುತ್ತ ಬಂದಿದೆ. ಅದರ ಮಾತಿಗೆ ಬೆಲೆ ಕೊಡುವುದು ಬಿಡುವುದು ಸರ್ಕಾರ ಬದಲಾದಂತೆ ಬದಲಾಗಿದೆ, 2025ರ ಮೇ ತಿಂಗಳಲ್ಲಿ ನ್ಯಾಯ ಇಲಾಖೆ ಅದಕ್ಕಿದ್ದ ವಿಶೇಷ ಅವಕಾಶಗಳನ್ನು ಹಿಂತೆಗೆದುಕೊಂಡಿತು. ಹಾಗಾಗಿ ರಾಜ್ಯಮಟ್ಟದ ಸಮಿತಿಯ ಮುಂದೆ ಜನ ಬರೆಯುವ ಪತ್ರಗಳು ಮೊದಲಿಗಿಂತ ಈಗ ಹೆಚ್ಚು ಮುಖ್ಯ ಎಂದು ನನಗೆ ತೋರುತ್ತದೆ. ಅಂಥ ಸಮಿತಿಗಳಿಗೆ ವಿರೋಧದ ಪತ್ರವನ್ನೂ ಬರೆಯಬಹುದು. ನಿಮ್ಮ ಅಕ್ಕನೂ ಬರೆಯಬಹುದು.

ಹೇಮಾವತಿ ದಂಡೆ ಬರೆದಿದ್ದಾರೆ:

ಎಲ್ಲರೂ ಕ್ರಿಮಿನಲ್ ಪ್ರಕರಣಗಳನ್ನೇ ಮಾತನಾಡುತ್ತಿದ್ದೀರಿ. ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ ಬರುವ ಪ್ರಕರಣಗಳಲ್ಲಿ ಸಿವಿಲ್ ಪ್ರಕರಣಗಳೇ ಬಹುಪಾಲು: ಪೇಟೆಂಟ್, ಉದ್ಯೋಗದಲ್ಲಿ ತಾರತಮ್ಯ, ಅಂಗವೈಕಲ್ಯ ಪಿಂಚಣಿ, ಕೈದಿಗಳ ಅರ್ಜಿಗಳು. ಎರಡು ವರ್ಷಗಳ ಹಿಂದೆ ನನ್ನ ಅರ್ಜಿ ವಲಸೆ ಇಲಾಖೆಯಲ್ಲಿ ಅಲುಗಾಡದೆ ಕುಳಿತಾಗ ನಾನು ಮೊಕದ್ದಮೆ ಹೂಡಿದ್ದು ಇದೇ ನ್ಯಾಯಾಲಯದಲ್ಲಿ. ಸರ್ಕಾರದ ಪರವಾಗಿ ಬಂದವರು ಯುಎಸ್ ಅಟಾರ್ನಿ ಕಚೇರಿಯ ಸಿವಿಲ್ ವಿಭಾಗದ ವಕೀಲರು, ಅಂದರೆ ನೀವು ಹೇಳುವ ಪ್ರಾಸಿಕ್ಯೂಟರ್ ಕೆಲಸ ಮಾಡಿದ ಅದೇ ಕಟ್ಟಡದವರು. ಹದಿನೆಂಟು ವರ್ಷ ಒಂದೇ ಕ್ಯಾಂಟೀನಿನಲ್ಲಿ ಕಾಫಿ ಕುಡಿದವರು ನಾಳೆ ಒಬ್ಬರು ಪೀಠದ ಮೇಲೆ, ಒಬ್ಬರು ಕೆಳಗೆ. ಆಕೆ ಪ್ರಾಮಾಣಿಕರೇ ಇರಬಹುದು. ಆದರೂ ಸರ್ಕಾರವನ್ನೇ ಎದುರುಹಾಕಿಕೊಂಡು ಬಂದ ನನ್ನಂಥವರಿಗೆ ಆ ಕೋಣೆಯೊಳಗೆ ಕಾಲಿಡುವಾಗ ಏನನಿಸುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಿವಿಲ್ ಪ್ರಕರಣಗಳ ಪರಿಚಯ ಅವರಿಗೆ ಎಷ್ಟಿದೆ ಎಂದು ಯಾರಾದರೂ ಕೇಳಿದ್ದಾರೆಯೇ?

ಸೌಪರ್ಣಿಕಾ ಬರೆದಿದ್ದಾರೆ:

ಹೇಮಾವತಿ ದಂಡೆ ಅವರ ಮಾತಿಗೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಸರ್ಕಾರಿ ವಕೀಲರಾಗಿ ತಾವೇ ಕೈಯಾಡಿಸಿದ ಪ್ರಕರಣ ಬಂದರೆ ಫೆಡರಲ್ ನ್ಯಾಯಾಧೀಶರು ಹಿಂದೆ ಸರಿಯಲೇಬೇಕು ಎಂಬ ನಿಯಮವಿದೆ. ಇದರ ಬೆಲೆ ಎಷ್ಟು ಎಂಬುದು 2016ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಪೆನ್ಸಿಲ್ವೇನಿಯದ ವಿಲಿಯಮ್ಸ್ ಪ್ರಕರಣದಲ್ಲಿ ಕಂಡಿತು. ಡಿಸ್ಟ್ರಿಕ್ಟ್ ಅಟಾರ್ನಿಯಾಗಿದ್ದಾಗ (ಸ್ಥಳೀಯ ಮುಖ್ಯ ಪ್ರಾಸಿಕ್ಯೂಟರ್) ಒಬ್ಬ ಆರೋಪಿಗೆ ಮರಣದಂಡನೆ ಕೇಳಲು ಸಹಿ ಹಾಕಿದ್ದವರೇ ಮುಂದೆ ರಾಜ್ಯದ ಮುಖ್ಯ ನ್ಯಾಯಮೂರ್ತಿಯಾಗಿ ಅದೇ ಆರೋಪಿಯ ಪ್ರಕರಣದಲ್ಲಿ ಪೀಠದ ಮೇಲೆ ಕುಳಿತಿದ್ದರು. ಅದು ಆರೋಪಿಯ ಸಾಂವಿಧಾನಿಕ ಹಕ್ಕಿಗೆ ಚ್ಯುತಿ ಎಂದು ಐದು–ಮೂರು ಬಹುಮತದಿಂದ ತೀರ್ಪಾಯಿತು. ಆದರೆ ಹಳೆಯ ಕಚೇರಿಯ ಸಹೋದ್ಯೋಗಿಗಳು ಬೇರೆ ಪ್ರಕರಣದಲ್ಲಿ ಬಂದರೆ ಹಿಂದೆ ಸರಿಯಬೇಕಾದ ಅಗತ್ಯ ಸಾಮಾನ್ಯವಾಗಿ ಇಲ್ಲ. ಅಲ್ಲಿ ಉಳಿಯುವುದು ಆ ವ್ಯಕ್ತಿಯ ಮನೋಧರ್ಮ ಒಂದೇ.

ಫೆಡರಲ್ ಪೀಠದಲ್ಲಿ ನನ್ನ ಕಡೆಯಿಂದ ಹೋದವರಿಗಿಂತ ಪ್ರಾಸಿಕ್ಯೂಟರ್ ಕಡೆಯಿಂದ ಹೋದವರು ಬಹಳ ಕಾಲ ಬಹಳ ಹೆಚ್ಚಾಗಿದ್ದರು. 2020ರ ಡಿಸೆಂಬರ್‌ನಲ್ಲಿ, ಬೈಡನ್ ಅಧಿಕಾರ ವಹಿಸಿಕೊಳ್ಳುವ ಮೊದಲೇ, ಅವರ ವಕೀಲರು ಸೆನೆಟರ್‌ಗಳಿಗೆ ಪತ್ರ ಬರೆದು ಬಡವರ ಪರ ವಾದಿಸಿದವರ, ನಾಗರಿಕ ಹಕ್ಕುಗಳ ವಕೀಲರ ಹೆಸರುಗಳನ್ನೂ ಕಳಿಸಿ ಎಂದು ಕೇಳಿದ್ದು ಆ ಕಾರಣಕ್ಕೆ. 2022ರಲ್ಲಿ ಕೆಟಾಂಜಿ ಬ್ರೌನ್ ಜಾಕ್ಸನ್ ಸುಪ್ರೀಂ ಕೋರ್ಟಿಗೆ ಬಂದಾಗ ಫೆಡರಲ್ ಪಬ್ಲಿಕ್ ಡಿಫೆಂಡರ್ ಆಗಿ, ಅಂದರೆ ನಾನಿದ್ದಂಥ ಕಚೇರಿಯಲ್ಲಿ ಹಣವಿಲ್ಲದವರ ಪರ ವಕೀಲರಾಗಿ, ದುಡಿದ ಮೊದಲ ನ್ಯಾಯಮೂರ್ತಿ ಅವರೇ ಆಗಿದ್ದರು. ಇನ್ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಕೋಟೆನಾಡು ಬರೆದಿದ್ದಾರೆ:

ನಾನು ಚಿತ್ರದುರ್ಗದ ಕಡೆಯ ವಕೀಲ, ಅಮೆರಿಕ ನೋಡಿದವನಲ್ಲ. ಆದರೂ ಈ ಪ್ರಶ್ನೆ ನಮ್ಮಲ್ಲಿಯೂ ಬಂದದ್ದರಿಂದ ನಾಲ್ಕು ಸಾಲು ಬರೆಯುತ್ತೇನೆ. ನಮ್ಮ ಸಂವಿಧಾನದ 233ನೇ ವಿಧಿಯಂತೆ, ಏಳು ವರ್ಷ ವಕೀಲಿಕೆ ಮಾಡಿದವರು ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೆ ಅರ್ಹರು. ಸರ್ಕಾರದ ಸಂಬಳ ಪಡೆಯುವ ಅಭಿಯೋಜಕರನ್ನು (ಪ್ರಾಸಿಕ್ಯೂಟರ್‌ಗಳನ್ನು) ವಕೀಲರೆಂದು ಎಣಿಸಬಹುದೇ ಎಂಬ ವಿವಾದ ಸುಪ್ರೀಂ ಕೋರ್ಟಿಗೆ ಹೋಗಿ, 2013ರಲ್ಲಿ ದೀಪಕ್ ಅಗರ್ವಾಲ್ ಪ್ರಕರಣದಲ್ಲಿ ಎಣಿಸಬಹುದು ಎಂದು ತೀರ್ಮಾನವಾಯಿತು. ಇಲ್ಲಿ ಶಿಫಾರಸು ಪತ್ರ ಎಂಬುದಿಲ್ಲ. ಹೈಕೋರ್ಟ್ ನಡೆಸುವ ಲಿಖಿತ ಪರೀಕ್ಷೆ, ಆಮೇಲೆ ಸಂದರ್ಶನ. ಹೈಕೋರ್ಟಿಗೆ ಹೋಗುವ ದಾರಿ ಬೇರೆ, ಅಲ್ಲಿ ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಹೆಸರು ಕಳಿಸುತ್ತದೆ, ಹೊರಗಿನವರು ಪತ್ರ ಬರೆಯುವ ರೂಢಿಯಿಲ್ಲ. ಹೈಕೋರ್ಟ್ ನ್ಯಾಯಮೂರ್ತಿಗಳೂ 62ಕ್ಕೆ ನಿವೃತ್ತರಾಗುತ್ತಾರೆ. ಸಾಯುವವರೆಗೂ ಇರಬಹುದಾದ ಹುದ್ದೆಗೆ ಊರಿನ ಜನರ ಪತ್ರವನ್ನೂ ಓದುತ್ತಾರೆ ಎಂಬುದು ನನಗೆ ಹೊಸ ವಿಷಯ.

ನಮ್ಮ ಬಾರ್‌ನಲ್ಲಿ ಹಿರಿಯರೊಬ್ಬರು ಇದ್ದರು, ಅಭಿಯೋಜಕರಾಗಿಯೇ ನಿವೃತ್ತರಾದವರು. ಜಾಮೀನು ಅರ್ಜಿಗೆ ಆಕ್ಷೇಪಣೆ ಸಲ್ಲಿಸುವ ಮೊದಲು ಕಡತವನ್ನು ಕೊನೆಯ ಪುಟದಿಂದ ಮೊದಲ ಪುಟಕ್ಕೆ ಓದುತ್ತಿದ್ದರು. ಏಕೆ ಎಂದು ಕೇಳಿದಾಗ, ಪೊಲೀಸರು ಮೊದಲ ಪುಟದಲ್ಲಿ ಹೇಳಿದ ಕಥೆ ನನ್ನ ತಲೆಗೆ ಹತ್ತುವ ಮೊದಲು ವೈದ್ಯರ ವರದಿ ಏನು ಹೇಳುತ್ತದೆ ಎಂದು ನೋಡಬೇಕು ಎನ್ನುತ್ತಿದ್ದರು. ಅವರು ನ್ಯಾಯಾಧೀಶರಾಗಬೇಕಿತ್ತು ಎಂದು ಆರೋಪಿ ಪರ ವಕೀಲರಾದ ನಾವೇ ಹೇಳುತ್ತಿದ್ದೆವು.

ತುಂಗಾತೀರ ಬರೆದಿದ್ದಾರೆ:

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಬರಹಗಳನ್ನು ಮುದ್ರಿಸಿಕೊಂಡು ಮನೆಯಾಕೆಯ ಜೊತೆ ಕುಳಿತು ಓದಿದೆ. ಕೋಟೆನಾಡು ಅವರ ಕೊನೆಯ ವಾಕ್ಯವನ್ನು ಓದಿದಾಗ ನನ್ನ ದಾರಿ ಸ್ಪಷ್ಟವಾಯಿತು.

ಸಂಘದವರು ಬರೆದ ಪತ್ರಕ್ಕೆ ನಾನು ಸಹಿ ಹಾಕುತ್ತಿಲ್ಲ. ಆಕೆಯ ಮೇಲೆ ಅನುಮಾನ ಬಂದಿದೆ ಎಂದಲ್ಲ. ಆ ಪತ್ರದಲ್ಲಿರುವ ಸಂಖ್ಯೆಗಳ ಬಗ್ಗೆ ನನಗೆ ಸ್ವತಃ ಏನೂ ತಿಳಿಯದು ಎಂಬುದಷ್ಟೇ ಕಾರಣ. ನನ್ನದೇ ಒಂದು ಪುಟದ ಪತ್ರ ಬರೆದಿದ್ದೇನೆ. ಜ್ಯೂರಿಯಲ್ಲಿ ನಾನು ಕಂಡದ್ದನ್ನು ಮೊದಲು ಬರೆದೆ. ಎರಡನೆಯ ಪ್ಯಾರಾದಲ್ಲಿ, ಅದು ಅವರ ಕರ್ತವ್ಯವೇ ಆಗಿತ್ತು ಎಂದು ನನಗೆ ಈಗ ತಿಳಿದಿದೆ, ಆದರೆ ಯಾರೂ ಎಚ್ಚರಿಸದೆ, ಒಂದು ಕ್ಷಣವೂ ತಡಮಾಡದೆ ಮಾಡಿದರು ಎಂದು ಬರೆದೆ. ಮೂರನೆಯದರಲ್ಲಿ ಸಮಿತಿಯವರಿಗೆ ಕೋರಿಕೆ ಇಟ್ಟಿದ್ದೇನೆ: ಅಭ್ಯರ್ಥಿ ತಾವಾಗಿ ಹೆಸರಿಸಿದ ವಕೀಲರನ್ನಷ್ಟೇ ಅಲ್ಲದೆ, ತಪ್ಪೊಪ್ಪಿಗೆಯಲ್ಲಿ ಮುಗಿದ ಪ್ರಕರಣಗಳಲ್ಲಿ ಮತ್ತು ಸರ್ಕಾರವೇ ಹಿಂತೆಗೆದುಕೊಂಡ ಪ್ರಕರಣಗಳಲ್ಲಿ ಎದುರು ನಿಂತಿದ್ದ ವಕೀಲರನ್ನೂ ವಿಚಾರಿಸಬೇಕು; ಸಿವಿಲ್ ಪ್ರಕರಣಗಳಿಗೆ ಹೇಗೆ ಸಿದ್ಧರಾಗುತ್ತೀರಿ ಎಂದು ಕೇಳಬೇಕು. ಮಲಪ್ರಭಾ ಅವರೇ, ಆ ಸಾಲು ನಿಮ್ಮ ಭಾವನವರನ್ನು ನೆನೆದು ಬರೆದದ್ದು. ಇದನ್ನೆಲ್ಲ ವಿಚಾರಿಸಿದ ಮೇಲೂ ಅವರ ಹೆಸರು ನಿಂತರೆ ನನಗೆ ಬಹಳ ಸಂತೋಷವಾಗುತ್ತದೆ ಎಂದು ಮುಗಿಸಿದ್ದೇನೆ. ಅದು ನನ್ನ ಮನಸ್ಸಿನ ಮಾತು.

ಸಂಘದ ಅಧ್ಯಕ್ಷರಿಗೆ ಸ್ವಲ್ಪ ಬೇಸರವಾಗಿದೆ. ನೂರು ಸಹಿಯ ಒಂದು ಪತ್ರಕ್ಕೆ ಇರುವ ಬಲ ಒಬ್ಬರ ಪತ್ರಕ್ಕೆ ಇರುವುದಿಲ್ಲ ಎಂದರು. ಸೋಮವಾರ ಕೊನೆಯ ದಿನ. ಕಳಿಸುವ ಮೊದಲು ಯಾರಾದರೂ ತಪ್ಪು ಹುಡುಕಿ ಕೊಟ್ಟರೆ ಉಪಕಾರವಾಗುತ್ತದೆ. ಮೊದಲ ಪ್ಯಾರಾ ಹೀಗಿದೆ: “ಹನ್ನೊಂದು ದಿನದ ವಿಚಾರಣೆಯ ನಂತರ ಅವರು ಆ ಪ್ರಕರಣವನ್ನು ಐದರಲ್ಲಿ ನಾಲ್ಕು ಆರೋಪಗಳಲ್ಲಿ ಗೆದ್ದರು. ಐದನೆಯದನ್ನು ಸೋತದ್ದು ತಾವೇ ತೋರಿಸಿದ ಒಂದು ದಿನಾಂಕದಿಂದ.”

ಸೌಪರ್ಣಿಕಾ ಬರೆದಿದ್ದಾರೆ:

ಪತ್ರ ಚೆನ್ನಾಗಿದೆ ಸರ್. ನೂರು ಸಹಿಯ ಪತ್ರಗಳನ್ನು ಸಮಿತಿಯವರು ಎಣಿಸುತ್ತಾರೆ, ಇಂಥದ್ದನ್ನು ಕುಳಿತು ಓದುತ್ತಾರೆ. ಎರಡು ಪದ ಬದಲಿಸಿ. “ಗೆದ್ದರು” ಎಂಬಲ್ಲಿ “ನಾವು ಆರೋಪಿಯನ್ನು ದೋಷಿ ಎಂದೆವು” ಎಂದು ಬರೆಯಿರಿ, ಏಕೆಂದರೆ ತೀರ್ಮಾನ ಕೊಟ್ಟವರು ನೀವು. “ಸೋತದ್ದು” ಎಂಬ ಪದವನ್ನು ಪೂರ್ತಿ ತೆಗೆದುಬಿಡಿ. ಆ ದಿನಾಂಕವನ್ನು ಓದಿಸಿದಾಗ ಅವರು ಏನನ್ನೂ ಸೋಲಲಿಲ್ಲ.

ತುಂಗಾತೀರ ಬರೆದಿದ್ದಾರೆ:

ಎರಡನ್ನೂ ತಿದ್ದಿದೆ ಮೇಡಂ. ನಾಳೆ ಬೆಳಿಗ್ಗೆ ಕಳಿಸುತ್ತೇನೆ.